ಲಿಂಕ್ಸ್ ಬ್ರೌಸರಿನ ಪಟ್ಟಿಯಲ್ಲಿ ಕುಕಿ ಕಾಣುತ್ತದೆ, ಕಡತದಲ್ಲಿ ಮಾತ್ರ ಇಲ್ಲ: ಪಠ್ಯ ಬ್ರೌಸರುಗಳು ಕುಕಿಗಳನ್ನು ಎಲ್ಲಿ ಇಡುತ್ತವೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಡೆಬಿಯನ್ ಲಿನಕ್ಸ್ ಹಾಕಿಕೊಂಡು, ಓದುವ ಕೆಲಸಕ್ಕೆಲ್ಲ ಲಿಂಕ್ಸ್ (Lynx) ಎಂಬ, ಅಕ್ಷರಗಳನ್ನು ಮಾತ್ರ ತೋರಿಸುವ ಪಠ್ಯ ಬ್ರೌಸರನ್ನೇ ಬಳಸುತ್ತಿದ್ದೇನೆ. ಕನ್ನಡ ವಿಕಿಪೀಡಿಯವನ್ನು ತೆರೆದಾಗ ಪರದೆಯ ಕೆಳಗಿನ ಸಾಲಿನಲ್ಲಿ ಅದು ಒಂದೊಂದೇ ಕುಕಿಯ (ತಾಣವು ನಮ್ಮ ಬ್ರೌಸರಿನಲ್ಲಿ ಇಡಿಸುವ ಸಣ್ಣ ಮಾಹಿತಿ ತುಣುಕಿನ) ಹೆಸರು ಹೇಳಿ ಒಪ್ಪಿಗೆ ಕೇಳುತ್ತದೆ. ನಾನು ಒಪ್ಪಿಗೆ ಕೊಡುತ್ತೇನೆ. ಆಮೇಲೆ ಕಂಟ್ರೋಲ್ ಮತ್ತು ಕೆ ಕೀಗಳನ್ನು ಒಟ್ಟಿಗೆ ಒತ್ತಿದರೆ ಬರುವ ಪುಟದಲ್ಲಿ ಆ ಕುಕಿಗಳೆಲ್ಲ ಸಾಲಾಗಿ ಕಾಣಿಸುತ್ತವೆ. ಆದರೆ ಬ್ರೌಸರನ್ನು ಮುಚ್ಚಿ ಮತ್ತೆ ತೆರೆದರೆ ಪಟ್ಟಿ ಖಾಲಿಯಾಗಿರುತ್ತದೆ. ಹೋಮ್ ಡೈರೆಕ್ಟರಿಯಲ್ಲಿ ಇರುತ್ತದೆಂದು ಕೈಪಿಡಿ ಹೇಳುವ ಕುಕಿ ಕಡತವೂ ಅಲ್ಲಿಲ್ಲ. ಹಾಗಾದರೆ ಪಟ್ಟಿಯಲ್ಲಿ ಕಂಡದ್ದು ಎಲ್ಲಿತ್ತು, ಮುಚ್ಚಿದ ಮೇಲೆ ಎಲ್ಲಿಗೆ ಹೋಯಿತು? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಕಪ್ಪುಪರದೆ:

ತುಂಗಾತೀರ ಅವರೇ, ನೀವು ನೋಡಿದ ಪುಟ ಕಡತದ ಪ್ರತಿಯಲ್ಲ. ಅದು ಆ ಕ್ಷಣದಲ್ಲಿ ಬ್ರೌಸರಿನ ಮೆಮೊರಿಯಲ್ಲಿ ಏನಿದೆಯೋ ಅದನ್ನು ಲಿಂಕ್ಸ್ ತಾನೇ ಒಂದು ಜಾಲಪುಟದ ರೂಪದಲ್ಲಿ ಬರೆದು ತೋರಿಸುವುದು. ಮೆಮೊರಿ ಬೇರೆ, ಕಡತ ಬೇರೆ. ಮೊದಲನೆಯದರಲ್ಲಿ ಇರುವುದೆಲ್ಲ ಎರಡನೆಯದಕ್ಕೆ ಹೋಗುವುದಿಲ್ಲ ಎಂಬುದನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ.

ಕ್ರಮ ಹೀಗಿದೆ. ಸರ್ವರು ಪುಟವನ್ನು ಕಳುಹಿಸುವಾಗ, ಪಠ್ಯಕ್ಕಿಂತ ಮೊದಲು ಬರುವ ಹೆಡರುಗಳಲ್ಲಿ 'ಸೆಟ್-ಕುಕಿ' ಎಂಬ ಸಾಲನ್ನು ಸೇರಿಸುತ್ತದೆ. ಆ ಸಾಲಿನಲ್ಲಿ ಒಂದು ಹೆಸರು, ಒಂದು ಮೌಲ್ಯ, ಜೊತೆಗೆ ಬೇಕಿದ್ದರೆ ಯಾವ ಡೊಮೇನಿಗೆ (ತಾಣದ ವಿಳಾಸದ ಹೆಸರಿಗೆ), ಯಾವ ದಾರಿಗೆ (ತಾಣದೊಳಗಿನ ಯಾವ ಭಾಗಕ್ಕೆ), ಎಂದಿನವರೆಗೆ ಎಂಬ ಷರತ್ತುಗಳು ಇರುತ್ತವೆ. ಲಿಂಕ್ಸ್ ಅದನ್ನು ಬಿಡಿಸಿ ಓದಿ, ಡೊಮೇನು ಹೊಂದುತ್ತದೆಯೇ ಎಂದು ಪರೀಕ್ಷಿಸಿ, ನಿಮ್ಮನ್ನು ಕೇಳುತ್ತದೆ. ಆ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ: ವೈ ಎಂದರೆ ಈ ಒಂದಕ್ಕೆ ಒಪ್ಪಿಗೆ, ಎನ್ ಎಂದರೆ ಈ ಒಂದು ಬೇಡ, ಎ ಎಂದರೆ ಈ ಡೊಮೇನಿನಿಂದ ಬರುವುದಕ್ಕೆಲ್ಲ ಒಪ್ಪಿಗೆ, ವಿ ಎಂದರೆ ಈ ಡೊಮೇನಿನಿಂದ ಏನೂ ಬೇಡ. ಒಪ್ಪಿದ ಕುಕಿ ಮೆಮೊರಿಯಲ್ಲಿ ಡೊಮೇನುವಾರು ಪಟ್ಟಿಗೆ ಸೇರುತ್ತದೆ. ಮುಂದಿನ ಬಾರಿ ಅದೇ ತಾಣಕ್ಕೆ ವಿನಂತಿ ಹೋಗುವಾಗ, ಡೊಮೇನು ಮತ್ತು ದಾರಿ ಎರಡೂ ಹೊಂದುವ ಕುಕಿಗಳನ್ನು ಆರಿಸಿ ಜೊತೆಗೆ ಕಳುಹಿಸಲಾಗುತ್ತದೆ.

ಕಡತದ ವಿಚಾರ ಬರುವುದು ಲಿಂಕ್ಸನ್ನು ಮುಚ್ಚುವಾಗ ಮಾತ್ರ, ಅದೂ ನೀವು ಹಾಗೆ ಹೇಳಿದ್ದರೆ. ಲಿಂಕ್ಸಿನ ಸೆಟ್ಟಿಂಗುಗಳಿರುವ ಸಂರಚನಾ ಕಡತದಲ್ಲಿ 'ಪರ್ಸಿಸ್ಟೆಂಟ್ ಕುಕೀಸ್' (ಉಳಿಯುವ ಕುಕಿಗಳು) ಎಂಬ ಸಾಲು ಇದೆ. ಮೂಲ ವಿತರಣೆಯಲ್ಲಿ ಅದರ ಮೌಲ್ಯ 'ಫಾಲ್ಸ್', ಅಂದರೆ ಇಲ್ಲ. ಅದನ್ನು 'ಟ್ರೂ' ಮಾಡುವವರೆಗೆ ಎಷ್ಟು ಕುಕಿಗಳಿಗೆ ಒಪ್ಪಿಗೆ ಕೊಟ್ಟರೂ ಮುಚ್ಚಿದೊಡನೆ ಎಲ್ಲವೂ ಹೋಗುತ್ತವೆ. ಇದಲ್ಲದೆ, ಲಿಂಕ್ಸನ್ನು ಕಂಪೈಲ್ ಮಾಡುವಾಗಲೇ, ಅಂದರೆ ಮೂಲ ಸಂಕೇತದಿಂದ ಓಡುವ ತಂತ್ರಾಂಶವಾಗಿ ಕಟ್ಟುವಾಗಲೇ, ಈ ಸೌಲಭ್ಯವನ್ನು ಸೇರಿಸಿರಬೇಕು. ಸೇರಿದೆಯೋ ಇಲ್ಲವೋ ಎಂದು ತಿಳಿಯಲು ಹೆಲ್ಪ್ ಆಯ್ಕೆಯೊಡನೆ ಲಿಂಕ್ಸನ್ನು ಓಡಿಸಿ, ಬರುವ ಉದ್ದ ಪಟ್ಟಿಯಲ್ಲಿ 'ಕುಕೀ ಫೈಲ್' ಎಂಬ ಆಯ್ಕೆ ಇದೆಯೇ ನೋಡಿ. ಇದ್ದರೆ ಸೌಲಭ್ಯ ಇದೆ ಎಂದರ್ಥ.

ಕಂಟ್ರೋಲ್-ಕೆ ಪುಟದ ಬಗ್ಗೆಯೂ ಒಂದು ಮಾತು. ಅಲ್ಲಿ ಪ್ರತಿ ಡೊಮೇನಿನ ಹೆಸರೂ ಒಂದು ಕೊಂಡಿ, ಅದರ ಕೆಳಗಿನ ಪ್ರತಿ ಕುಕಿಯೂ ಒಂದು ಕೊಂಡಿ. ಕುಕಿಯ ಮೇಲೆ ಎಂಟರ್ ಒತ್ತಿದರೆ ಅಳಿಸಲೇ ಎಂದು ಕೇಳುತ್ತದೆ. ಡೊಮೇನಿನ ಮೇಲೆ ಒತ್ತಿದರೆ ಅದರ ಕುಕಿಗಳನ್ನೆಲ್ಲ ಅಳಿಸುವ, ಇಲ್ಲವೇ ಆ ಡೊಮೇನಿಗೆ ಸದಾ ಒಪ್ಪಿಗೆ, ಕೇಳಿ ಒಪ್ಪಿಗೆ, ಎಂದೂ ಬೇಡ ಎಂಬ ಮೂರರಲ್ಲಿ ಒಂದನ್ನು ಗೊತ್ತುಮಾಡುವ ಆಯ್ಕೆ ಬರುತ್ತದೆ. ಪ್ರತಿ ಕುಕಿಯ ಕೆಳಗೆ ದಾರಿ ಯಾವುದು, ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಕಳುಹಿಸಬೇಕೇ, ಕೊನೆಯ ದಿನ ಯಾವುದು ಎಂಬುದನ್ನೂ ಬರೆದಿರುತ್ತಾರೆ. ಕೊನೆಯ ದಿನದ ಜಾಗದಲ್ಲಿ 'ಸೆಷನ್ನಿನ ಅಂತ್ಯ' (ಸೆಷನ್ ಎಂದರೆ ಬ್ರೌಸರು ತೆರೆದಿರುವ ಅವಧಿ) ಎಂಬರ್ಥದ ಇಂಗ್ಲಿಷ್ ಸಾಲು ಇದ್ದರೆ, ಆ ಕುಕಿ ಎಂದಿಗೂ ಕಡತಕ್ಕೆ ಹೋಗುವುದಿಲ್ಲ. ಅಳಿಸಿದ ಮೇಲೆ ಕುಕಿಯನ್ನು ತಿಂದು ಮುಗಿಸಲಾಯಿತು ಎಂಬ ತಮಾಷೆಯ ಸಂದೇಶ ಬರುತ್ತದೆ. ಲಿಂಕ್ಸ್ ಬರೆದವರ ಹಾಸ್ಯಪ್ರಜ್ಞೆಗೆ ನಾನಂತೂ ಮನಸೋತಿದ್ದೇನೆ.

ಸಾಗರದಾಚೆ:

ಕಪ್ಪುಪರದೆ ಅವರ ವಿವರಣೆ ಸರಿಯಾಗಿದೆ. ಅದಕ್ಕೆ ಸ್ವಲ್ಪ ಇತಿಹಾಸವನ್ನು ಸೇರಿಸುತ್ತೇನೆ, ಏಕೆಂದರೆ ಈ ಎರಡು ವಸ್ತುಗಳ ನಂಟು ಹಲವರಿಗೆ ಗೊತ್ತಿಲ್ಲ. ಲಿಂಕ್ಸ್ ಹುಟ್ಟಿದ್ದು 1992ರಲ್ಲಿ, ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ. ಅದನ್ನು ಬರೆದವರಲ್ಲಿ ಒಬ್ಬರಾದ ಲೂ ಮಾಂಟುಲಿ 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯನ್ನು ಸೇರಿದರು. ಅದೇ ವರ್ಷ ಅಲ್ಲಿ ಕುಕಿಯನ್ನು ರೂಪಿಸಿದವರೂ ಅವರೇ. ಪಠ್ಯ ಬ್ರೌಸರನ್ನು ಕಟ್ಟಿದ ಕೈಯಿಂದಲೇ ಕುಕಿಯೂ ಬಂದಿತು. ಲಿಂಕ್ಸ್ ಮುಚ್ಚುವಾಗ ಬರೆಯುವ ಕಡತದ ವಿನ್ಯಾಸ ಕೂಡ ಹಳೆಯ ನೆಟ್‌ಸ್ಕೇಪಿನದೇ.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ಹೆಲ್ಪ್ ಪಟ್ಟಿಯಲ್ಲಿ ಆ ಆಯ್ಕೆ ಇದೆ. ಸಂರಚನೆಯಲ್ಲಿ 'ಟ್ರೂ' ಮಾಡಿದೆ. ಮುಚ್ಚಿದ ಮೇಲೆ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಆರಂಭವಾಗುವ ಕುಕಿ ಕಡತ ಸಿಕ್ಕಿತು. ಈಗ ಎರಡನೆಯ ಪ್ರಶ್ನೆ. ವಿಕಿಪೀಡಿಯದಿಂದ ಬಂದ ಕುಕಿಗಳಲ್ಲಿ 'ಜಿಯೋಐಪಿ' ಎಂಬುದು ಕಂಟ್ರೋಲ್-ಕೆ ಪುಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಕಡತದಲ್ಲಿ ಇಲ್ಲ. 'ಲಾಸ್ಟ್-ಆಕ್ಸೆಸ್' ಎಂದು ಕೊನೆಯಾಗುವ ಇನ್ನೊಂದು ಮಾತ್ರ ಎರಡೂ ಕಡೆ ಇದೆ. ಕಡತದ ಸಾಲನ್ನು ಓದುವ ಬಗೆಯನ್ನೂ ದಯವಿಟ್ಟು ತಿಳಿಸಿ. ನನಗೆ ಅಲ್ಲಿ ಒಂದು ಹತ್ತು ಅಂಕಿಯ ಸಂಖ್ಯೆ ಕಾಣುತ್ತಿದೆ, ಅದೇನೆಂದು ತಿಳಿಯುತ್ತಿಲ್ಲ.

ಕಪ್ಪುಪರದೆ:

ಒಳ್ಳೆಯ ಉದಾಹರಣೆಯನ್ನೇ ಹಿಡಿದಿದ್ದೀರಿ. ಕಡತದಲ್ಲಿ ಒಂದು ಸಾಲು ಎಂದರೆ ಒಂದು ಕುಕಿ. ಸಾಲಿನಲ್ಲಿ ಏಳು ಅಂಕಣಗಳಿರುತ್ತವೆ, ನಡುವೆ ಟ್ಯಾಬ್ ಇರುತ್ತದೆ. ಮೊದಲನೆಯದು ಡೊಮೇನು. ಎರಡನೆಯದು 'ಟ್ರೂ' ಅಥವಾ 'ಫಾಲ್ಸ್': ಆ ಡೊಮೇನಿನ ಉಪಡೊಮೇನುಗಳಿಗೂ ಈ ಕುಕಿ ಸಲ್ಲುತ್ತದೆಯೇ ಎಂಬುದನ್ನು ಅದು ಹೇಳುತ್ತದೆ. ಮೂರನೆಯದು ದಾರಿ, ಬಹುಪಾಲು ಬರಿಯ ಓರೆಗೆರೆ ಇರುತ್ತದೆ, ಅಂದರೆ ಇಡೀ ತಾಣಕ್ಕೆ ಅನ್ವಯ. ನಾಲ್ಕನೆಯದು ಮತ್ತೆ 'ಟ್ರೂ' ಅಥವಾ 'ಫಾಲ್ಸ್': ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಕಳುಹಿಸಬೇಕೇ ಎಂಬ ಪ್ರಶ್ನೆಗೆ ಉತ್ತರ. ಐದನೆಯದೇ ನಿಮ್ಮ ಹತ್ತು ಅಂಕಿಯ ಸಂಖ್ಯೆ. ಅದು ಕುಕಿಯ ಕೊನೆಯ ಗಳಿಗೆ; 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆದಿರುತ್ತದೆ. ಉದಾಹರಣೆಗೆ 1767225600 ಎಂದರೆ 2026ರ ಜನವರಿ 1, ಗ್ರೀನ್‌ವಿಚ್ ಸಮಯದ ನಡುರಾತ್ರಿ, ನಮ್ಮಲ್ಲಿ ಬೆಳಗಿನ 5 ಗಂಟೆ 30 ನಿಮಿಷ. ಲಿನಕ್ಸಿನ ಡೇಟ್ ಆದೇಶಕ್ಕೆ -d ಆಯ್ಕೆಯ ಜೊತೆ ಆ ಸಂಖ್ಯೆಯನ್ನು @ ಗುರುತಿನೊಡನೆ ಕೊಟ್ಟರೆ ತಾರೀಖನ್ನು ಅದೇ ಹೇಳುತ್ತದೆ. ಆರನೆಯದು ಹೆಸರು, ಏಳನೆಯದು ಮೌಲ್ಯ.

ಇನ್ನು ನಿಮ್ಮ ಎರಡು ಕುಕಿಗಳು. 'ಲಾಸ್ಟ್-ಆಕ್ಸೆಸ್' ಕುಕಿಯ ಮೌಲ್ಯವನ್ನು ನೋಡಿದರೆ ಅದು ಒಂದು ತಾರೀಖು ಅಷ್ಟೇ. ನೀವು ಕೊನೆಗೆ ಯಾವ ದಿನ ಬಂದಿರಿ ಎಂಬುದನ್ನು ಬರೆದಿಟ್ಟು, ಹೆಸರು ಗುರುತು ಯಾವುದೂ ಇಲ್ಲದೆ ಬೇರೆ ಬೇರೆ ಓದುಗರ ಎಣಿಕೆಯನ್ನು ಅಂದಾಜು ಮಾಡಲು, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದವರು ಇದನ್ನು ಬಳಸುತ್ತಾರೆ. ಅದಕ್ಕೆ ಸುಮಾರು ಒಂದು ತಿಂಗಳ ಅವಧಿಯನ್ನು ಸರ್ವರೇ ಕೊಟ್ಟಿರುವುದರಿಂದ ಅದು ಕಡತಕ್ಕೆ ಹೋಗುತ್ತದೆ. ಇದೇ ಹೆಸರಿನ ಕೊನೆಗೆ 'ಗ್ಲೋಬಲ್' ಸೇರಿದ ಇನ್ನೊಂದೂ ಇರುತ್ತದೆ. ಮೊದಲನೆಯದು ಕನ್ನಡ ವಿಕಿಪೀಡಿಯದ ವಿಳಾಸಕ್ಕೆ ಮಾತ್ರ ಸೇರಿದ್ದು, ಎರಡನೆಯದು ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಸಲ್ಲುವಂಥದ್ದು. ಎರಡನೆಯ ಅಂಕಣದ 'ಟ್ರೂ' ಮತ್ತು 'ಫಾಲ್ಸ್' ಏಕಿವೆ ಎಂಬುದು ಈ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಾನಾಗಿ ತಿಳಿಯುತ್ತದೆ.

'ಜಿಯೋಐಪಿ' ಕುಕಿಗೆ ಸರ್ವರು ಕೊನೆಯ ದಿನವನ್ನೇ ಹೇಳಿರುವುದಿಲ್ಲ. ಅವಧಿ ಇಲ್ಲದ ಕುಕಿ ಸೆಷನ್ ಇರುವಷ್ಟು ಹೊತ್ತು ಮಾತ್ರ. ಆದ್ದರಿಂದ ಅದು ಪುಟದಲ್ಲಿ ಕಾಣುತ್ತದೆ, ಕಡತದಲ್ಲಿ ಇರುವುದಿಲ್ಲ. ಅದರ ಮೌಲ್ಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ: ದೇಶದ ಸಂಕೇತ, ರಾಜ್ಯದ ಸಂಕೇತ, ಊರಿನ ಹೆಸರು, ಅಕ್ಷಾಂಶ, ರೇಖಾಂಶ, ಎಲ್ಲವೂ ನಡುವೆ ವಿವರಣ ಚಿಹ್ನೆಯಿಟ್ಟು ಒಂದೇ ಸಾಲಿನಲ್ಲಿ ಇರುತ್ತವೆ. ಇದು ನಿಮ್ಮ ಐಪಿ ವಿಳಾಸದಿಂದ ಅವರು ಮಾಡಿದ ಊಹೆ. ಇಂಟರ್ನೆಟ್ ಕೊಡುವ ಕಂಪನಿಯ ವ್ಯವಸ್ಥೆಗೆ ತಕ್ಕಂತೆ, ಶಿವಮೊಗ್ಗದಲ್ಲಿ ಕುಳಿತವರಿಗೂ ಅಲ್ಲಿ ಬೆಂಗಳೂರಿನ ಹೆಸರು ಬರಬಹುದು. ಪುಟದ ಮೇಲ್ಭಾಗದಲ್ಲಿ ಯಾವ ಪ್ರದೇಶದವರಿಗೆ ಯಾವ ಪ್ರಕಟಣೆ ತೋರಿಸಬೇಕು ಎಂಬಂಥ ಕೆಲಸಕ್ಕೆ ಇದು ಬಳಕೆಯಾಗುತ್ತದೆ. ಚಿತ್ರವಿರುವ ಬ್ರೌಸರುಗಳಲ್ಲಿಯೂ ಇದೇ ಕುಕಿ ಬರುತ್ತದೆ. ಅಲ್ಲಿ ಅದನ್ನು ನೋಡಲು ಡೆವಲಪರ್ ಪರಿಕರಗಳ ಒಳಗೆ ಇಳಿಯಬೇಕು, ಇಲ್ಲಿ ಒಪ್ಪಿಗೆ ಕೊಡುವ ಮೊದಲೇ ಮೌಲ್ಯ ಕಣ್ಣೆದುರಿಗೆ ಇರುತ್ತದೆ.

ದನಿಓದುಗ:

ನಾನು ದೃಷ್ಟಿಹೀನ ಬಳಕೆದಾರ. ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶದೊಡನೆ ಲಿಂಕ್ಸನ್ನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಕಪ್ಪುಪರದೆ ಅವರು 'ಕಣ್ಣೆದುರಿಗೆ' ಎಂದು ಮೆಚ್ಚಿಕೊಂಡ ಆ ಪ್ರಶ್ನೆಯೇ ನನ್ನಂಥವರಿಗೆ ದೊಡ್ಡ ತೊಡಕು. ಪ್ರಶ್ನೆ ಬರುವುದು ಕೆಳಗಿನ ಒಂದೇ ಸಾಲಿನಲ್ಲಿ. ಮೌಲ್ಯ ಉದ್ದವಾಗಿದ್ದರೆ ದನಿ ಆ ಅಕ್ಷರ ಅಂಕಿಗಳ ಸರಮಾಲೆಯನ್ನು ಒಂದೊಂದಾಗಿ ಓದುತ್ತಾ ಹೋಗುತ್ತದೆ, ಪ್ರಶ್ನೆಯ ಕೊನೆಗೆ ಬರುವ ಹೊತ್ತಿಗೆ ಯಾವ ತಾಣದ ಕುಕಿ ಎಂಬುದೇ ಮರೆತಿರುತ್ತದೆ. ಒಂದು ತಾಣ ನಾಲ್ಕೈದು ಕುಕಿ ಕಳುಹಿಸಿದರೆ ಪುಟ ತೆರೆಯುವ ಮೊದಲೇ ಬೇಸರ ಬಂದುಬಿಡುತ್ತದೆ.

ಹಾಗೆಂದು ಎಲ್ಲಕ್ಕೂ ಒಪ್ಪಿಗೆ ಎಂಬ ಆಯ್ಕೆಯನ್ನು ನಾನು ಹಾಕಿಕೊಂಡಿಲ್ಲ. ಸಂರಚನಾ ಕಡತದಲ್ಲಿ ಒಪ್ಪುವ ಡೊಮೇನುಗಳಿಗೆ ಒಂದು ಸಾಲು, ನಿರಾಕರಿಸುವ ಡೊಮೇನುಗಳಿಗೆ ಇನ್ನೊಂದು ಸಾಲು ಇದೆ. ನಡುವೆ ಅಲ್ಪವಿರಾಮ ಹಾಕಿ ಎಷ್ಟು ಹೆಸರುಗಳನ್ನು ಬೇಕಾದರೂ ಬರೆಯಬಹುದು. ಒಂದೇ ಹೆಸರು ಎರಡೂ ಸಾಲುಗಳಲ್ಲಿ ಇದ್ದರೆ ನಿರಾಕರಣೆಯೇ ಗೆಲ್ಲುತ್ತದೆ. ನಾನು ದಿನವೂ ಹೋಗುವ ತಾಣಗಳನ್ನು ಮೊದಲ ಸಾಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹೊಸ ತಾಣಗಳಿಗೆ ಮಾತ್ರ ಪ್ರಶ್ನೆ ಬರುತ್ತದೆ. ತುಂಗಾತೀರ ಅವರು ಪ್ರತಿ ಬಾರಿ ಎ ಒತ್ತುವುದಕ್ಕಿಂತ ಇದನ್ನು ಮಾಡಿಕೊಳ್ಳುವುದು ಮೇಲು. ಓ ಒತ್ತಿದರೆ ಬರುವ ಆಯ್ಕೆಗಳ ಪುಟದಲ್ಲಿಯೂ ಕುಕಿಗಳಿಗೆ ಒಂದು ಸಾಲು ಇದೆ. ಅಲ್ಲಿ ಪೂರ್ತಿ ಕಡೆಗಣಿಸು, ಬಳಕೆದಾರರನ್ನು ಕೇಳು, ಎಲ್ಲವನ್ನೂ ಒಪ್ಪು ಎಂಬ ಮೂರು ಆಯ್ಕೆಗಳು ಮಾತ್ರ ಇವೆ.

ಅಕ್ಷರದಂಗಡಿ:

ನಾನು ಡಬ್ಲ್ಯು3ಎಂ ಎಂಬ ಇನ್ನೊಂದು ಪಠ್ಯ ಬ್ರೌಸರನ್ನು ಬಳಸುವವನು. ಮುಖ್ಯವಾಗಿ ಎಂಎಲ್‌ಟರ್ಮ್ ಎಂಬ ಟರ್ಮಿನಲ್ಲಿನ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯ) ಜೊತೆ ಅದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆಯದೆ ಕಾಣುತ್ತವೆ ಎಂಬ ಕಾರಣಕ್ಕೆ. ಜಪಾನಿನಲ್ಲಿ ಹುಟ್ಟಿದ ಈ ಬ್ರೌಸರಿನಲ್ಲಿಯೂ ಕುಕಿ ಪಟ್ಟಿಗೆ ಕಂಟ್ರೋಲ್-ಕೆ ಒತ್ತಬೇಕು, ಆದರೆ ಬರುವ ಪುಟದ ರೀತಿ ಬೇರೆ. ಪ್ರತಿ ಕುಕಿಯ ವಿವರದ ಜೊತೆ ಅದನ್ನು ಬಳಸಬೇಕೇ ಬೇಡವೇ ಎಂಬ ಎರಡು ಗುಂಡಿಗಳಿರುತ್ತವೆ; ಒಂದನ್ನು ಆರಿಸಿ ಒಪ್ಪಿಗೆಯ ಗುಂಡಿಯನ್ನು ಒತ್ತಬೇಕು. ಅಂದರೆ ಕುಕಿಯನ್ನು ಅಳಿಸದೆಯೇ ಸುಮ್ಮನಿರಿಸಬಹುದು. ಒಂದು ತಾಣ ಹಾಳಾಗಿರುವುದು ಯಾವ ಕುಕಿಯಿಂದ ಎಂದು ಪತ್ತೆಹಚ್ಚುವಾಗ ಇದು ಬಹಳ ಅನುಕೂಲ.

ಅದರ ಕಡತ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿ ಡಬ್ಲ್ಯು3ಎಂ ಡೈರೆಕ್ಟರಿಯೊಳಗೆ 'ಕುಕೀ' ಎಂಬ ಹೆಸರಿನಲ್ಲಿ ಇರುತ್ತದೆ. ಅದೂ ಟ್ಯಾಬುಗಳಿಂದ ಬೇರ್ಪಟ್ಟ ಪಠ್ಯವೇ, ಆದರೆ ಅಂಕಣಗಳು ಮೇಲೆ ಹೇಳಿದ ಏಳಲ್ಲ. ಅದರದು ತನ್ನದೇ ಕ್ರಮ. ಆದ್ದರಿಂದ ಲಿಂಕ್ಸಿನ ಕಡತವನ್ನು ಇಲ್ಲಿಗೆ ನಕಲು ಮಾಡಿ ಲಾಗಿನ್ ಉಳಿಯುತ್ತದೆಂದು ಕಾಯಬಾರದು. ಇಲಿಂಕ್ಸ್ ಎಂಬ ಮತ್ತೊಂದು ಬ್ರೌಸರಿನದೂ ಹೀಗೆಯೇ ಬೇರೆ ಕ್ರಮ. ಆದರೆ ಅದರಲ್ಲಿ ಮೆನುವಿನಿಂದ ತೆರೆಯುವ ಕುಕಿ ನಿರ್ವಾಹಕ ಎಂಬ ಕಿಟಕಿಯಿದ್ದು, ಅಲ್ಲಿ ಕುಕಿಯ ಮೌಲ್ಯವನ್ನು ತಿದ್ದುವುದಕ್ಕೂ ಹೊಸದನ್ನು ಸೇರಿಸುವುದಕ್ಕೂ ಅವಕಾಶವಿದೆ. ಮೂರರಲ್ಲಿ ತೋರಿಸುವ ಬಗೆ ನನಗೆ ಹಿಡಿಸಿದ್ದು ಇಲಿಂಕ್ಸಿನದು, ಶೇಖರಿಸುವ ಬಗೆ ಹಿಡಿಸಿದ್ದು ಲಿಂಕ್ಸಿನದು. ಆದರೂ ಕನ್ನಡಕ್ಕಾಗಿ ಡಬ್ಲ್ಯು3ಎಂ ಬಿಡಲು ಮನಸ್ಸಿಲ್ಲ.

ಡಬ್ಲ್ಯು3ಎಂ ಆಯ್ಕೆಗಳಲ್ಲಿ ಚುಕ್ಕಿಗಳ ಸಂಖ್ಯೆಯ ಬಗ್ಗೆ ಒಂದು ವಿಚಿತ್ರ ಸಾಲು ಇದೆ: ಯಾವ ಡೊಮೇನುಗಳಿಗೆ ಚುಕ್ಕಿಯ ತಪ್ಪನ್ನು ಕಡೆಗಣಿಸಬೇಕು ಎಂದು ಬರೆಯುವ ಜಾಗ. ಅದರ ಉದ್ದೇಶ ಏನೆಂದು ಯಾರಾದರೂ ಹೇಳಬಲ್ಲಿರಾ?

ಸಾಗರದಾಚೆ:

ಅದು ನಮ್ಮ ದೇಶದ ವಿಳಾಸಗಳಿಗೆ ನೇರವಾಗಿ ಸಂಬಂಧಿಸಿದ ವಿಚಾರ. ನೆಟ್‌ಸ್ಕೇಪಿನ ಮೂಲ ನಿಯಮದಲ್ಲಿ, ಒಂದು ತಾಣ ತನ್ನ ಉಪಡೊಮೇನುಗಳಿಗೆಲ್ಲ ಸಲ್ಲುವ ಕುಕಿಯನ್ನು ಇಡಬೇಕಾದರೆ ಡೊಮೇನಿನಲ್ಲಿ ಇಂತಿಷ್ಟು ಚುಕ್ಕಿಗಳಿರಬೇಕು ಎಂದಿತ್ತು. ಕಾಮ್, ಎಡು, ನೆಟ್, ಆರ್ಗ್, ಗವ್, ಮಿಲ್, ಇಂಟ್ ಎಂಬ ಏಳು ಕೊನೆಗಳಿಗೆ ಎರಡು ಚುಕ್ಕಿ ಸಾಕು. ಉಳಿದ ಎಲ್ಲಕ್ಕೂ ಕನಿಷ್ಠ ಮೂರು. ಮೊದಲಕ್ಷರದ ಹಿಂದಿನ ಚುಕ್ಕಿಯೂ ಲೆಕ್ಕಕ್ಕೆ ಸೇರುತ್ತದೆ. 'ಡಾಟ್ ಕೋ ಡಾಟ್ ಇನ್' ಎಂಬ ಕೊನೆಗೇ ಯಾರಾದರೂ ಕುಕಿ ಇಟ್ಟರೆ ಅದು ಆ ಕೊನೆಯಿರುವ ಎಲ್ಲ ಭಾರತೀಯ ಕಂಪನಿಗಳ ತಾಣಗಳಿಗೂ ಹೋಗಿಬಿಡುತ್ತದೆ. ಅದನ್ನು ತಡೆಯುವುದೇ ನಿಯಮದ ಉದ್ದೇಶ; ಅದಕ್ಕೆ ಎರಡೇ ಚುಕ್ಕಿ ಇರುವುದರಿಂದ ನಿಯಮ ಅದನ್ನು ತಡೆಯುತ್ತದೆ. 'ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂಬುದಕ್ಕೆ ಮೂರು ಚುಕ್ಕಿ ಇರುವುದರಿಂದ ಅದು ಸಲ್ಲುತ್ತದೆ.

ತೊಂದರೆ ಬಂದದ್ದು 2005ರ ನಂತರ, ನೇರವಾಗಿ 'ಇನ್' ಕೆಳಗೇ ಹೆಸರು ಪಡೆಯುವುದು ಎಲ್ಲರಿಗೂ ಮುಕ್ತವಾದಾಗ. ಅಂಥ ತಾಣ ತನ್ನ ಹೆಸರಿಗೇ ಕುಕಿ ಇಟ್ಟರೂ ಅದಕ್ಕೆ ಎರಡೇ ಚುಕ್ಕಿ. ಹಳೆಯ ನಿಯಮವನ್ನು ಅಕ್ಷರಶಃ ಪಾಲಿಸುವ ಬ್ರೌಸರು ಅದನ್ನು ತಪ್ಪೆಂದು ತಳ್ಳುತ್ತದೆ. ಡಬ್ಲ್ಯು3ಎಂನಲ್ಲಿ ನೀವು ಕಂಡ ಸಾಲು ಇಂಥ ಸಂದರ್ಭಕ್ಕೆ. ದೊಡ್ಡ ಬ್ರೌಸರುಗಳು ಚುಕ್ಕಿ ಎಣಿಸುವುದನ್ನು ಬಿಟ್ಟು, ಯಾವ ಕೊನೆಗಳ ಕೆಳಗೆ ಬೇರೆ ಬೇರೆಯವರು ಹೆಸರು ಪಡೆಯುತ್ತಾರೆ ಎಂಬ ಸಾರ್ವಜನಿಕ ಪಟ್ಟಿಯೊಂದನ್ನು ನೆಚ್ಚಿಕೊಂಡಿವೆ. ಆ ಪಟ್ಟಿಯಲ್ಲಿ 'ಕೋ ಡಾಟ್ ಇನ್', 'ಗವ್ ಡಾಟ್ ಇನ್', 'ಎನ್‌ಐಸಿ ಡಾಟ್ ಇನ್' ಎಲ್ಲವೂ ಇವೆ. ಲಿಂಕ್ಸ್ ಸಂದೇಹ ಬಂದಾಗ ಈ ಡೊಮೇನು ಸರಿಯಿಲ್ಲ, ಆದರೂ ಒಪ್ಪಲೇ ಎಂದು ಬಳಕೆದಾರರನ್ನೇ ಕೇಳುತ್ತದೆ. ನಿರ್ಧಾರವನ್ನು ಓದುಗರ ತಲೆಗೆ ಕಟ್ಟುವ ಈ ಕ್ರಮ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಆ ಪ್ರಶ್ನೆಗೆ ತಿಳಿದು ಉತ್ತರಿಸಬಲ್ಲವರು ಕಡಿಮೆ.

ಬೆಳಗಿನಬಸ್ಸು:

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸುವುದು, ಜಾಡು ಹಿಡಿಯುವವರಿಂದ ತಪ್ಪಿಸಿಕೊಳ್ಳಬೇಕಾದರೆ ಪಠ್ಯ ಬ್ರೌಸರೇ ಒಳ್ಳೆಯದು ಎಂದು. ಬ್ಯಾಂಕಿನ ಕೆಲಸಕ್ಕೂ ಇದನ್ನೇ ಬಳಸಬಹುದಲ್ಲವೇ?

ಕಪ್ಪುಪರದೆ:

ಅರ್ಧ ಸರಿ, ಅರ್ಧ ಅಲ್ಲ. ಲಿಂಕ್ಸ್ ಚಿತ್ರಗಳನ್ನು ತರಿಸಿಕೊಳ್ಳುವುದಿಲ್ಲ, ಜಾವಾಸ್ಕ್ರಿಪ್ಟನ್ನು (ಪುಟದೊಡನೆ ಬಂದು ಬ್ರೌಸರಿನಲ್ಲೇ ಓಡುವ ಸಂಕೇತವನ್ನು) ಓಡಿಸುವುದಿಲ್ಲ. ಒಂದು ಪತ್ರಿಕೆಯ ಪುಟದಲ್ಲಿ ಹತ್ತಾರು ಜಾಹೀರಾತು ಕಂಪನಿಗಳ ಅಗೋಚರ ಚಿತ್ರಗಳಿದ್ದರೂ ಅವುಗಳ ಸರ್ವರಿಗೆ ವಿನಂತಿಯೇ ಹೋಗುವುದಿಲ್ಲ. ವಿನಂತಿ ಹೋಗದ ಕಡೆಯಿಂದ ಕುಕಿ ಬರುವ ಮಾತಿಲ್ಲ. ಬರುವುದು ನೀವು ತೆರೆದ ತಾಣದ್ದು, ಅದು ನಿಮ್ಮನ್ನು ಬೇರೆ ಕಡೆಗೆ ತಿರುಗಿಸಿದರೆ ಅಲ್ಲಿಯದ್ದು, ಇಷ್ಟೇ. ಆ ಮಟ್ಟಿಗೆ ಲಾಭವಿದೆ. ಆದರೆ ಲಿಂಕ್ಸ್ ತನ್ನ ಹೆಸರನ್ನು ಪ್ರತಿ ವಿನಂತಿಯಲ್ಲೂ ಹೇಳಿಕೊಳ್ಳುತ್ತದೆ. ಇದನ್ನು ಬಳಸುವವರು ವಿರಳ. ಒಂದು ಊರಿನಿಂದ ಒಬ್ಬರೇ ಲಿಂಕ್ಸಿನಲ್ಲಿ ಬಂದರೆ ಅವರನ್ನು ಗುರುತಿಸಲು ಕುಕಿಯೇ ಬೇಕಿಲ್ಲ.

ಬ್ಯಾಂಕಿನ ವಿಚಾರವನ್ನು ಬಿಟ್ಟುಬಿಡಿ. ಜಾವಾಸ್ಕ್ರಿಪ್ಟ್ ಇಲ್ಲದೆ ಆ ತಾಣಗಳ ಲಾಗಿನ್ ಪುಟವೇ ಸಾಮಾನ್ಯವಾಗಿ ಮುಂದೆ ಹೋಗುವುದಿಲ್ಲ. ಕುಕಿಯನ್ನು ಹೆಡರಿನ ಬದಲು ಜಾವಾಸ್ಕ್ರಿಪ್ಟಿನಿಂದ ಇಡುವ ತಾಣಗಳೂ ಬಹಳಷ್ಟಿವೆ. ಅಂಥ ಕುಕಿ ಲಿಂಕ್ಸಿನ ಪಟ್ಟಿಯಲ್ಲಿ ಎಂದೂ ಕಾಣುವುದಿಲ್ಲ. ನಿಮ್ಮ ಬ್ರೌಸರಿನಲ್ಲಿ ಕುಕಿ ಸ್ಥಗಿತವಾಗಿದೆ ಎಂಬ ಸಂದೇಶ ಬಂದಾಗ ಸೆಟ್ಟಿಂಗನ್ನು ಬಯ್ಯುವ ಮೊದಲು ಇದನ್ನು ನೆನಪಿಡಿ.

ಇನ್ನೂ ಮುಖ್ಯವಾದದ್ದು ಕಡತದ ಸುರಕ್ಷತೆ. ಮೇಲೆ ವಿವರಿಸಿದ ಏಳನೆಯ ಅಂಕಣದಲ್ಲಿ ಲಾಗಿನ್ ಕುಕಿಯ ಮೌಲ್ಯ ಬೀಗವಿಲ್ಲದೆ ಕುಳಿತಿರುತ್ತದೆ. ಆ ಮೌಲ್ಯವನ್ನು ನಕಲು ಮಾಡಿಕೊಂಡವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಹೋಗಬಹುದು. ತಾಣ ಅವರನ್ನು ನೀವೆಂದೇ ತಿಳಿಯುತ್ತದೆ. ಕ್ರೋಮ್ ತನ್ನ ಕುಕಿಗಳ ಮೌಲ್ಯವನ್ನು ಗೂಢಲಿಪಿಯಲ್ಲಿಟ್ಟು ದತ್ತಸಂಚಯದೊಳಗೆ ಇಡುತ್ತದೆ, ಇಲ್ಲಿ ಅದಿಲ್ಲ. ಹಲವರು ಒಂದೇ ಯಂತ್ರವನ್ನು ಬಳಸುವ ಕಚೇರಿ, ಕಾಲೇಜುಗಳಲ್ಲಿ ಕುಕಿ ಕಡತದ ಅನುಮತಿಯನ್ನು 600 ಮಾಡಿಡಿ, ಅಂದರೆ ನಿಮಗೆ ಮಾತ್ರ ಓದಲು ಬರೆಯಲು ಸಾಧ್ಯವಾಗಲಿ. ಯಾರಿಗಾದರೂ ಸಹಾಯ ಕೇಳುವಾಗ ಆ ಕಡತದ ಸಾಲುಗಳನ್ನು ಹಾಗೆಯೇ ಅಂಟಿಸಬೇಡಿ. ಕೊನೆಯ ಅಂಕಣವನ್ನು ಅಳಿಸಿ ಅಂಟಿಸಿ.

ದನಿಓದುಗ:

ಬ್ಯಾಂಕಿನ ಬಗ್ಗೆ ಕಪ್ಪುಪರದೆ ಅವರ ಮಾತನ್ನು ಒಪ್ಪುತ್ತೇನೆ. ಆದರೆ ಬೀಗವಿಲ್ಲದ ಪಠ್ಯ ಕಡತವನ್ನು ದೋಷವೆಂದಷ್ಟೇ ನೋಡುವುದು ಸರಿಯಲ್ಲ. ನನ್ನ ಕುಕಿಗಳಲ್ಲಿ ಏನಿದೆ ಎಂಬುದನ್ನು ಯಾರ ನೆರವೂ ಇಲ್ಲದೆ ನಾನೇ ಸಾಲುಸಾಲಾಗಿ ಕೇಳಿ ತಿಳಿಯಲು ಸಾಧ್ಯವಾಗಿರುವುದು ಅದು ಪಠ್ಯವಾಗಿರುವುದರಿಂದಲೇ.

ಅಕ್ಷರದಂಗಡಿ:

ಕುಕಿಯ ಮೌಲ್ಯದಲ್ಲಿ ಕನ್ನಡ ಏಕೆ ಕಾಣುವುದಿಲ್ಲ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ, ಇಲ್ಲಿಯೇ ಉತ್ತರಿಸುತ್ತೇನೆ. ಕುಕಿಯ ಮೌಲ್ಯದಲ್ಲಿ ನೇರವಾಗಿ ಕನ್ನಡ ಅಕ್ಷರಗಳನ್ನು ಇಡುವ ರೂಢಿಯಿಲ್ಲ. ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬದಲಿಸುತ್ತಾರೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟು. 'ಕನ್ನಡ' ಎಂಬ ಪದದಲ್ಲಿ ಕ, ನ, ಹಲಂತ ಚಿಹ್ನೆ (್), ನ, ಡ ಎಂದು ಐದು ಸಂಕೇತಗಳು, ಅಂದರೆ 15 ಬೈಟು. ಕುಕಿಯಲ್ಲಿ ಅದು 45 ಅಕ್ಷರಗಳ ಸಾಲಾಗುತ್ತದೆ. ಒಂದು ಕುಕಿಗೆ ಬ್ರೌಸರುಗಳು ಕನಿಷ್ಠ 4096 ಬೈಟಿನಷ್ಟು ಜಾಗ ಕೊಡಬೇಕು ಎಂದು 2011ರ ಮಾನದಂಡ ಹೇಳುತ್ತದೆ. ಹುಡುಕಿದ ಪದಗಳ ಇತಿಹಾಸವನ್ನೆಲ್ಲ ಕನ್ನಡದಲ್ಲೇ ಕುಕಿಯೊಳಗೆ ತುಂಬಲು ಹೋಗುವ ತಾಣ ಕಟ್ಟುವವರು ಈ ಲೆಕ್ಕವನ್ನು ಗಮನಿಸಬೇಕು.

ತುಂಗಾತೀರ:

ಎಲ್ಲರ ಉತ್ತರಗಳಿಂದಲೂ ಬಹಳ ಉಪಯೋಗವಾಯಿತು. ಕೊನೆಯದಾಗಿ ಒಂದು. ದಿನಕ್ಕೊಮ್ಮೆ ಒಂದು ಪುಟದ ಪಠ್ಯವನ್ನು ತಾನೇ ಉಳಿಸಿಡುವಂತೆ ಲಿಂಕ್ಸಿನ ಡಂಪ್ ಆಯ್ಕೆಯಿಂದ (ಪುಟವನ್ನು ತೆರೆದು ಕೂರದೆ ಪಠ್ಯವನ್ನಷ್ಟೇ ಹೊರಹಾಕುವ ಆಯ್ಕೆ) ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದರಲ್ಲಿ ಕುಕಿ ಉಳಿಯುತ್ತಿಲ್ಲ, ಕೈಯಿಂದ ತೆರೆದಾಗ ಮಾತ್ರ ಉಳಿಯುತ್ತದೆ. ಇನ್ನೊಂದು ಅನುಮಾನವೂ ಇದೆ: ಲಿಂಕ್ಸ್ ತೆರೆದಿರುವಾಗಲೇ ಎಡಿಟರಿನಲ್ಲಿ ಕಡತದ ಒಂದು ಸಾಲನ್ನು ಅಳಿಸಿದೆ, ಮುಚ್ಚಿದ ಮೇಲೆ ನೋಡಿದರೆ ಆ ಸಾಲು ಮತ್ತೆ ಬಂದಿತ್ತು.

ಕಪ್ಪುಪರದೆ:

ಎರಡನೆಯದರ ಉತ್ತರ ಮೊದಲ ದಿನದ ಮಾತಿನಲ್ಲೇ ಇದೆ. ಲಿಂಕ್ಸ್ ತೆರೆಯುವಾಗ ಕಡತವನ್ನು ಓದಿ ಮೆಮೊರಿಗೆ ತುಂಬಿಕೊಳ್ಳುತ್ತದೆ, ಮುಚ್ಚುವಾಗ ಮೆಮೊರಿಯಲ್ಲಿ ಇರುವುದನ್ನು ಹೊಸದಾಗಿ ಬರೆಯುತ್ತದೆ. ನಡುವೆ ನೀವು ಮಾಡಿದ ತಿದ್ದುಪಡಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡು ಟರ್ಮಿನಲ್ಲುಗಳಲ್ಲಿ ಎರಡು ಲಿಂಕ್ಸ್ ತೆರೆದಿದ್ದರೂ ಇದೇ ಕಥೆ. ಕೊನೆಗೆ ಮುಚ್ಚಿದ್ದು ಬರೆದದ್ದೇ ಉಳಿಯುತ್ತದೆ. ತೆರೆದಿರುವಾಗ ಅಳಿಸಬೇಕಾದರೆ ಕಂಟ್ರೋಲ್-ಕೆ ಪುಟದಲ್ಲೇ ಅಳಿಸಿ. ಮುಚ್ಚಿದ ಮೇಲೆ ಎಡಿಟರಿನಲ್ಲಿ ತಿದ್ದುವುದಾದರೆ, ಆ ಎಡಿಟರು ಟ್ಯಾಬನ್ನು ಖಾಲಿ ಜಾಗಗಳಾಗಿ ಬದಲಿಸದಂತೆ ನೋಡಿಕೊಳ್ಳಿ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಂಡರೂ ಅಂಕಣಗಳನ್ನು ಬಿಡಿಸುವುದು ಟ್ಯಾಬಿನಿಂದ.

ಸ್ಕ್ರಿಪ್ಟಿನ ವಿಷಯ: ಡಂಪ್ ಮಾಡುವಾಗ ಉತ್ತರ ಹೇಳಲು ಎದುರಿಗೆ ಯಾರೂ ಇರುವುದಿಲ್ಲ, ಆದ್ದರಿಂದ ಒಪ್ಪಿಗೆಯನ್ನು ಮೊದಲೇ ಕೊಟ್ಟಿರಬೇಕು, ದನಿಓದುಗ ಅವರು ಹೇಳಿದ ಒಪ್ಪುವ ಡೊಮೇನುಗಳ ಸಾಲಿನಲ್ಲಿ ಆ ತಾಣವನ್ನು ಸೇರಿಸಿ, ಇಲ್ಲವೇ ಎಲ್ಲ ಕುಕಿಗಳನ್ನೂ ಒಪ್ಪುವ ಆಯ್ಕೆಯನ್ನು ಆದೇಶದ ಸಾಲಿನಲ್ಲಿ ಕೊಡಿ. ಇದಾದ ಮೇಲೂ ಉಳಿಸುವ ಕಡತವನ್ನು ಬೇರೆಯಾಗಿ ಹೇಳಬೇಕು. ಕೈಯಿಂದ ತೆರೆದಾಗ, 'ಕುಕೀ ಸೇವ್ ಫೈಲ್' ಎಂಬುದನ್ನು ನೀವು ಹೇಳದಿದ್ದರೆ ಓದಿದ ಕಡತಕ್ಕೇ ಮತ್ತೆ ಬರೆಯುತ್ತದೆ. ಡಂಪ್ ಮಾಡುವಾಗ ಹಾಗಲ್ಲ; ಆ ಹೆಸರನ್ನು ನೀವು ಕೊಟ್ಟಿದ್ದರೆ ಮಾತ್ರ ಬರೆಯುತ್ತದೆ. ಸ್ಕ್ರಿಪ್ಟಿಗೆ ನಿಮ್ಮ ದಿನನಿತ್ಯದ ಕಡತವನ್ನೇ ಕೊಡದೆ ಬೇರೊಂದು ಕಡತವನ್ನು ಓದಲು ಮತ್ತು ಉಳಿಸಲು ಎರಡಕ್ಕೂ ಕೊಡಿ. ಇಲ್ಲದಿದ್ದರೆ ನೀವು ಓದುತ್ತಾ ಕುಳಿತಿರುವಾಗ ಸ್ಕ್ರಿಪ್ಟ್ ಓಡಿ ಬರೆದದ್ದನ್ನು, ನೀವು ಮುಚ್ಚುವಾಗ ನಿಮ್ಮ ಲಿಂಕ್ಸ್ ಅಳಿಸಿ ಬರೆಯುತ್ತದೆ.

ಸಾಗರದಾಚೆ:

ಇದಕ್ಕೆ ಸೇರಿಸುವುದಾದರೆ: ಆದೇಶದ ಸಾಲಿನಿಂದ ಜಾಲಪುಟಗಳನ್ನು ತರಿಸುವ ಕರ್ಲ್ ಮತ್ತು ವಿಗೆಟ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕುಕಿ ಮಾಡ್ಯೂಲ್, ಈ ಮೂರಕ್ಕೂ ಈ ಏಳು ಅಂಕಣಗಳ ಕಡತವನ್ನು ಓದಲು ಬರುತ್ತದೆ. ಆದ್ದರಿಂದ ಲಿಂಕ್ಸಿನಲ್ಲಿ ಲಾಗಿನ್ ಆಗಿ, ಅದೇ ಕಡತವನ್ನು ಕರ್ಲಿಗೆ ಕೊಟ್ಟು ಕೆಲಸ ಮುಂದುವರಿಸಬಹುದು. ತಿರುಗಿ ತರುವಾಗ ಒಂದು ಎಚ್ಚರ ಬೇಕು. ಜಾವಾಸ್ಕ್ರಿಪ್ಟಿಗೆ ಕಾಣಬಾರದು ಎಂದು ಸರ್ವರು ಗುರುತು ಹಾಕಿದ ಕುಕಿಗಳಿಗೆ ಈ ಹಳೆಯ ವಿನ್ಯಾಸದಲ್ಲಿ ಅಂಕಣವೇ ಇಲ್ಲ. ಕರ್ಲ್ ಆ ಗುರುತನ್ನು ಉಳಿಸಿಕೊಳ್ಳಲು ಡೊಮೇನಿನ ಮುಂದೆ # ಚಿಹ್ನೆಯಿಂದ ಆರಂಭವಾಗುವ ಒಂದು ಪೂರ್ವಪದವನ್ನು ಸೇರಿಸುತ್ತದೆ. ಆ ಚಿಹ್ನೆಯಿಂದ ಶುರುವಾಗುವ ಸಾಲು ಟಿಪ್ಪಣಿ ಎಂಬುದು ಹಳೆಯ ರೂಢಿ, ಹೀಗಾಗಿ ಕರ್ಲಿನ ಈ ಪದ್ಧತಿಯನ್ನು ಅರಿಯದ ತಂತ್ರಾಂಶ ಆ ಸಾಲನ್ನು ದಾಟಿ ಮುಂದೆ ಹೋಗುತ್ತದೆ. ಲಾಗಿನ್ ಕುಕಿಗಳಿಗೇ ಹೆಚ್ಚಾಗಿ ಈ ಗುರುತು ಇರುವುದರಿಂದ, ಕರ್ಲ್ ಬರೆದ ಕಡತವನ್ನು ಬೇರೆ ಕಡೆ ಕೊಟ್ಟಾಗ ಉಳಿದ ಕುಕಿಗಳೆಲ್ಲ ಬಂದು ಲಾಗಿನ್ ಮಾತ್ರ ಹೋಗಿದ್ದರೆ ಮೊದಲು ಸಾಲಿನ ಆರಂಭವನ್ನು ನೋಡಿ. ಪೂರ್ವಪದವನ್ನು ತೆಗೆದು, ಡೊಮೇನಿನಿಂದಲೇ ಸಾಲು ಶುರುವಾಗುವಂತೆ ಮಾಡಿದರೆ ಸಾಕು.

ತುಂಗಾತೀರ:

ಸ್ಕ್ರಿಪ್ಟಿಗೆ ಬೇರೆ ಕಡತ ಕೊಟ್ಟೆ, ತಾಣವನ್ನು ಒಪ್ಪುವ ಸಾಲಿಗೆ ಸೇರಿಸಿದೆ. ಬೆಳಿಗ್ಗೆ ಓಡಿದ ಮೇಲೆ ಕಡತದಲ್ಲಿ ತಿಂಗಳ ಅವಧಿಯ ಕುಕಿಗಳು ಬಂದಿವೆ. ಜಿಯೋಐಪಿ ನಿರೀಕ್ಷೆಯಂತೆ ಇಲ್ಲ. ಅನುಮತಿಯನ್ನೂ 600 ಮಾಡಿದ್ದೇನೆ.